ಉಗುರುಬೆಚ್ಚಗಿನ ನೀರು

ಬಾ, ಕೂತುಕೋ. ಆ ಕುರ್ಚಿಯಲ್ಲ, ಈ ಗಿಡ್ಡ ಸ್ಟೂಲು.
ಎತ್ತರದ್ದರಲ್ಲಿ ಅವರು ಕೂರುತ್ತಾರೆ.
ನಿನ್ನ ಕಾಗದ ಓದಿದೆ, ಬೋಗುಮಿಲ್. ಚೆನ್ನಾಗಿ ಬರೆದಿದ್ದೀ.
ಶಿಲುಬೆ ಎಂಬ ಮಾತು ಹನ್ನೊಂದು ಸಲ,
ಅರ್ಪಣೆ ಏಳು. ಎಣಿಸಿದೆ.
ಮುದುಕರಿಗೆ ರಾತ್ರಿ ಉದ್ದ.

ತಗೋ, ಇದು ನಿನ್ನ ಪಾಲಿನದು.
ಹೌದು, ಉಗುರು ಕತ್ತರಿ.
ಕೈಬೆರಳಿನದಲ್ಲ, ಕಾಲಿನದು, ದಪ್ಪ ಬಾಯಿಯದು.
ಹಿಡಿಯ ಬಟ್ಟೆ ನಾನೇ ಸುತ್ತಿದ್ದು.

ಗ್ದಾನ್ಸ್ಕಿನ ಈ ನೆಲಮಾಳಿಗೆಗೆ
ಜನವರಿಯಲ್ಲಿ ರಾತ್ರಿಗೆ ನಲವತ್ತು ಜನ.
ಮೇಲೆ ಆರ್ಗನ್ನು, ಮೇಣದಬತ್ತಿ, ಧೂಪ;
ಕೆಳಗೆ ಎಲೆಕೋಸಿನ ಸಾರು, ಒದ್ದೆ ಉಣ್ಣೆ,
ಮತ್ತೆ, ಬೂಟು ಬಿಚ್ಚಿದಾಗ ಏಳುವ ಆ ವಾಸನೆ.
ಮೊದಲ ವಾರ ನಾನು
ಹೊರಗೆ ಹಿಮದಲ್ಲಿ ಕಾರಿದೆ, ಬಾಯಿ ತೊಳೆದು ಬಂದೆ.
ಯಾರೂ ನೋಡಲಿಲ್ಲ ಅಂದುಕೊಂಡೆ.
ಎಲ್ಲರೂ ನೋಡಿದ್ದರು.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ
ಎನ್ನುತ್ತದೆ ಲೋಕ. ಇಲ್ಲಿ ಉಗುರಿಗೇ ಕೊಡಲಿ ಬೇಕು.
ಬೂಟಿನೊಳಗೆ ಬೆಳೆದೂ ಬೆಳೆದೂ
ಟಗರಿನ ಕೊಂಬಿನ ಹಾಗೆ ಸುರುಳಿ ಸುತ್ತಿ
ಪಕ್ಕದ ಬೆರಳನ್ನೇ ಚುಚ್ಚಿಕೊಂಡಿರುತ್ತದೆ.
ಅವಸರ ಬೇಡ. ಉಗುರುಬೆಚ್ಚಗಿನ ನೀರು
(ಆ ಮಾತು ಹುಟ್ಟಿದ್ದೇ ಇಂಥ ಕಡೆಯೇನೋ),
ಒಂದು ಹಿಡಿ ಉಪ್ಪು, ಇಪ್ಪತ್ತು ನಿಮಿಷ.
ಕಾಲು ನೆನೆಯುವಷ್ಟು ಹೊತ್ತು
ಬೇಕಾದರೆ ನೀನೂ ನೆನೆ ಅವನನ್ನು,
ಬಾಯಿ ಬಿಡದೆ.
ಬಕೆಟ್ಟಿನಲ್ಲಿ ಕಾಲಿಟ್ಟವನು ಎದ್ದು ಹೋಗಲಾರ;
ಅಂಥವನಿಗೆ ಉಪದೇಶ ಮಾಡುವುದು
ಕಳ್ಳತನ.

ವಿಟೋಲ್ಡ್ ಅಂತ ಒಬ್ಬನಿದ್ದ.
ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವನು.
ಒಂಬತ್ತು ವಾರ ಸಾರು ಕುಡಿದ, ಬೂಟು ಬಿಚ್ಚಲಿಲ್ಲ.
'ನನ್ನ ಕಾಲು ಹಿಡಿದು ನೀನು ಸ್ವರ್ಗ ಹತ್ತಬೇಕಾ?
ಬೇರೆ ಏಣಿ ನೋಡಿಕೋ' ಅಂದ.
ಉತ್ತರ ಇರಲಿಲ್ಲ. ಈಗಲೂ ಇಲ್ಲ.
ಹತ್ತನೆಯ ವಾರ, ಬಾಲ್ಟಿಕ್ಕಿನ ಗಾಳಿ
ಕಿಟಕಿಯ ಗಾಜು ಕಡಿಯುತ್ತಿದ್ದ ರಾತ್ರಿ,
ಬಂದು ಕೂತು, ಒಂದೇ ಬೂಟು ಬಿಚ್ಚಿದ.
ಎರಡು ಬೆರಳು ಇರಲಿಲ್ಲ.
ಉಳಿದ ಮೂರನ್ನು ಕತ್ತರಿಸಿದೆ.
'ಇನ್ನೊಂದು ಕಾಲು?'
'ನಾಳೆಗಿರಲಿ.'

ನಾಳೆ ಅವನು ಬರಲಿಲ್ಲ.
ಆ ಇನ್ನೊಂದು ಕಾಲು
ಜಪಸರ ಹಿಡಿದಾಗಲೆಲ್ಲ ಬೆರಳಿಗೆ ತಗಲುತ್ತದೆ,
ಮಣಿಗಿಂತ ಮೊದಲು.

ಪವಿತ್ರ ಗುರುವಾರ ಮೇಲೆ ನಾವೂ ತೊಳೆಯುತ್ತೇವೆ,
ಹನ್ನೆರಡು ಕಾಲು, ಬೆಳ್ಳಿಯ ಬೋಗುಣಿಯಲ್ಲಿ.
ಮನೆಯಲ್ಲೇ ಸೋಪು ಹಾಕಿಕೊಂಡು ಬಂದ ಕಾಲು.
ತಪ್ಪಲ್ಲ ಬಿಡು, ನೆನಪಿಗೆ ಬೇಕು.
ಆದರೆ ಬೆಟ್ಟಕ್ಕೆ ಹೊರಟವನು
ಹಿಂದಿನ ರಾತ್ರಿ ಸೊಂಟಕ್ಕೆ ಟವೆಲು ಬಿಗಿದು ಕೂತಾಗ
ಯೂದನ ಕಾಲೂ ಆ ಸಾಲಿನಲ್ಲಿತ್ತು.
ಅದರ ಹಿಮ್ಮಡಿಯ ಬಿರುಕನ್ನೂ ಉಜ್ಜಿರಬೇಕು,
ನೀರು ತಣ್ಣಗಾಗುವ ಮುಂಚೆ.
ನಾನು ಕಂಡ ಚಿತ್ರಗಳಲ್ಲಿ ಅದಿಲ್ಲ.
ನೀನು ಕೇಳಿದ ದಾರಿ ಅಲ್ಲಿಂದ ಏರುತ್ತದೆ.
ಮುಂದಿನದು ನಾನೂ ನಡೆದಿಲ್ಲ.

ಏನು, ಕೈ ನಡುಗುತ್ತಿದೆಯೇ? ನನ್ನದೂ.
ಅದಕ್ಕೇ ನಿನ್ನನ್ನು ಕರೆಸಿದ್ದು.

ಸರಿ. ಈಗ ಆ ಕುರ್ಚಿ ಇತ್ತ ಎಳೆ.
ನಾನೇ ಕೂರುತ್ತೇನೆ.
ಎರಡು ವರ್ಷವಾಯಿತು, ನಡು ಬಗ್ಗುವುದಿಲ್ಲ,
ನನ್ನ ಕಾಲು ನನಗೆ ಎಟುಕುವುದಿಲ್ಲ. ಯಾರಿಗೂ ಹೇಳಿಲ್ಲ,
ಗುರುಗಳಿಗೂ.
ಬಗ್ಗುವುದು ಇಪ್ಪತ್ತೇಳು ಚಳಿಗಾಲದಲ್ಲಿ ರೂಢಿಯಾಯಿತು.
ಕಾಲು ನೀಡುವುದು ಬರಲಿಲ್ಲ.
ಒಂಬತ್ತು ವಾರ ಯಾಕೆ ಬೇಕಾಯಿತು ಅಂತ
ಈಗ ಗೊತ್ತಾಗುತ್ತಿದೆ.

ಕಾಲುಚೀಲ ಮೆಲ್ಲಗೆ ಎಳೆ, ಅಂಟಿಕೊಂಡಿದೆ.
ಹೊರಗೆ ಹೋಗಬೇಕೆನಿಸಿದರೆ ಹೋಗು,
ಬಾಗಿಲು ಎಡಕ್ಕೆ. ಬಾಯಿ ತೊಳೆದು ಬಾ.
ನಾನು ನೋಡುವುದಿಲ್ಲ.
ದೀಪ ಇತ್ತ ತಿರುಗಿಸು.
ಹೆಬ್ಬೆರಳು ಕೊನೆಗೆ.