ಬಾಕಿ

ಚೌಬಾರದ ಹಿಂದಿನ ಓಣಿ. ಕೆಳಗೆ ಅಂಗಡಿ, ಮೇಲೆ ಮಾಳಿಗೆ.
ಅಂಗಡಿಯ ಕಂಪ್ಯೂಟರಿನಿಂದ ಮೆಟ್ಟಿಲು ಹತ್ತಿ ಬಂದ ನೀಲಿ ವೈರು,
ಅದರ ತುದಿಗೆ ರೌಟರು,
ರೌಟರಿಗೆ ಹಾಲಿನ ಪಾಕೀಟಿನ ಟೊಪ್ಪಿಗೆ, ಪಾರಿವಾಳದ ಕಾಟಕ್ಕೆ.
ಪ್ರೊಜೆಕ್ಟರು ಕೂತದ್ದು ಹಳೇ ಹೊಲಿಗೆ ಯಂತ್ರದ ಕಾಲಿನ ಮೇಲೆ.
ಪರದೆ ಮಾತ್ರ ನನ್ನದಲ್ಲ.

ಅದು ನನ್ನ ಮಾಳಿಗೆಗೆ ಅಂಟಿಕೊಂಡ
ಜೈತುನಬಿಯ ಮನೆಯ ಹಿಂಗೋಡೆ.
ಬೀದರಿನ ಕೆಂಪು ಮುರಕಲ್ಲು, ಮೇಲೆ ಎರಡು ಕೈ ಸುಣ್ಣ.
ಸುಣ್ಣ ನನ್ನ ಖರ್ಚು.
ಎಷ್ಟು ಬಳಿದರೂ ಕಲ್ಲಿನ ತೂತು ಮುಚ್ಚುವುದಿಲ್ಲ,
ಹಾಗಾಗಿ ನನ್ನ ಚಿತ್ರದೊಳಗೆ
ಮದುಮಗಳಿಗೂ ಸಿಡುಬಿನ ಕಲೆ.

ಒಂದು ಕಾಲಕ್ಕೆ ನಾನು ಮದುವೆ ಹಿಡಿಯುತ್ತಿದ್ದೆ.
ಹೆಗಲ ಮೇಲೆ ಕರುವಿನಷ್ಟು ಭಾರದ ಕ್ಯಾಮೆರಾ,
ಹಿಂದೆ ಹ್ಯಾಲೋಜನ್ ಹೊತ್ತ ಅಕ್ಕನ ಮಗ ಬಂಡೆಪ್ಪ.
ಆ ಬೆಳಕಿಗೆ ಬೀಗರೆಲ್ಲ
ಸಿಕ್ಕಿಬಿದ್ದ ಕಳ್ಳರ ಹಾಗೆ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು.
ಅರ್ಧ ರೊಕ್ಕ ಮುಂಗಡ, ಅರ್ಧ ಕ್ಯಾಸೆಟ್ಟು ಒಯ್ಯುವಾಗ.
ಕೆಲವರು ಒಯ್ಯಲೇ ಇಲ್ಲ.

ಹಾಗೆ ಉಳಿದವು ನಲವತ್ಮೂರು.
ಬೆನ್ನಿಗೆ ಊರು, ತಾರೀಖು, ಬಾಕಿ.
ಹೋದ ವರ್ಷ ಒಂದೊಂದೇ ಬೂಜು ಒರೆಸಿ, ಓಡಿಸಿ,
ಅಂಗೈ ಅಗಲದ ಡಬ್ಬಿಯೊಳಗೆ ತುಂಬಿದೆ.
ಎಲ್ಲ ಮದುವೆ ಸೇರಿ ಒಂದು ಖರ್ಜೂರದ ಪೊಟ್ಟಣದ ತೂಕ.
ಈಗ ಬಟನ್ ಒತ್ತಿದರೆ
ದಿಬ್ಬಣ ಮೆಟ್ಟಿಲು ಹತ್ತಿ ಬರುತ್ತದೆ,
ನಡುವೆ ಸುಸ್ತಾದರೆ ನಿಂತುಬಿಡುತ್ತದೆ:
ಅಕ್ಕಿಕಾಳು ಹಿಡಿದ ಕೈ ಎತ್ತಿದಲ್ಲೇ,
ಸಣ್ಣ ಚಕ್ರವೊಂದು ತಿರುಗುತ್ತ ಮದುಮಗನ ಮೂಗಿನ ಮೇಲೆ.

ಊಟ ಮುಗಿಸಿ ಒಬ್ಬನೇ ನೋಡುತ್ತೇನೆ.
ಯಾರ ಹೆಸರೂ ನೆನಪಿಲ್ಲ.
ಬಾಕಿ ನೆನಪಿದೆ. ನಾಲ್ಕುನೂರು. ಆರುನೂರೈವತ್ತು.
ಭಾಲ್ಕಿಯವನದು ಬರೀ ಐವತ್ತು;
ಐವತ್ತಕ್ಕೆ ಮದುವೆ ಬಿಟ್ಟು ಹೋದ.

ಜೈತುನಬಿಗೆ ಗೋಡೆಯಾಚೆ ಸದ್ದಷ್ಟೇ.
ರಂಜಾನು ಮುಗಿದ ವಾರ, ಓಣಿ ಸುತ್ತಿ ಬಂದು
ಮಾಳಿಗೆ ಹತ್ತಿ ನಿಂತಳು, ಏದುಸಿರು ಬಿಡುತ್ತ.
"ನನ್ನ ಗೋಡಿ ಮ್ಯಾಲ ದಿನಾ ಯಾರ ಮದಿವಿ ಮಾಡ್ಲತ್ತೀರಿ?"
ಚಿಟಗುಪ್ಪದ ವಲೀಮಾ ನಡೆದಿತ್ತು.
ಅವಳು ವರನನ್ನು ನೋಡಲಿಲ್ಲ, ಹಾರಗಳನ್ನೂ.
ನೆಟ್ಟಗೆ ಹೋಗಿ ಮೂಲೆಯ ಹೊಗೆಯೊಳಗೆ ಬೆರಳಿಟ್ಟಳು:
"ನಿಲ್ಲಸ್ರಿ. ಅದು ನಮ್ಮ ದೇಗು."

ನಿಲ್ಲಿಸಿದೆ.
"ನೆಗ್ಗು ನೋಡ್ರಿ, ಕಿವಿ ಬಾಜು. ಲಾರಿಯಿಂದ ಬಿದ್ದಿದ್ದು.
ನಮ್ಮ ಮನಿಯವರು ಬಾಡಿಗಿಗೆ ಕೊಡ್ತಿದ್ರು.
ಈ ಮನಷಾ ದೇಗು ಕಳಿಸ್ದ, ಸೌಟು ಕಳಸ್ಲಿಲ್ಲ,
ರೊಕ್ಕಾನೂ ಇಲ್ಲ."
ಕ್ಯಾಸೆಟ್ಟಿನ ಬೆನ್ನು ಓದಿದೆ: ನನಗೂ ಮುನ್ನೂರೈವತ್ತು.

ಮುಂದಕ್ಕೆ ಬಿಟ್ಟೆ. ಇಬ್ಬರೂ ಅವನನ್ನೇ ನೋಡುತ್ತ ಕೂತೆವು.
ಸಿಡುಬಿನ ಮುಖದವನು ಬಾಗಿ ಬಾಗಿ
ಎಲ್ಲರಿಗೂ ಬಡಿಸುತ್ತಿದ್ದ,
ಅವಳ ಸೌಟಿನಲ್ಲಿ.
"ಚೆಂದ ಬಡಸ್ಲತ್ತಾನ," ಅಂದಳು, ಎಷ್ಟೋ ಹೊತ್ತಿಗೆ.

ಮರುದಿನ ಉಳಿ ಸುತ್ತಿಗೆಯ ಸದ್ದು.
ಅವಳ ತಮ್ಮ ಒಳಗಿನಿಂದ ಗೋಡೆ ಒಡೆಯುತ್ತಿದ್ದ.
ಕಿಟಕಿ ಬೇಕಂತೆ. ಗಾಳಿಗೆ, ಅಂದಳು.
ಸುಣ್ಣ ನನ್ನದು, ಗೋಡೆ ಅವಳದು, ಏನು ಹೇಳಲಿ?
ಎರಡಡಿ ಅಗಲ, ಎರಡೂವರೆ ಎತ್ತರ,
ನಟ್ಟನಡುವೆ ಅಲ್ಲ, ತುಸು ಎಡಕ್ಕೆ,
ಸಾಮಾನ್ಯವಾಗಿ ವರ ಕೂರುವ ಜಾಗದಲ್ಲಿ.

ಚಿತ್ರವನ್ನು ಬಲಕ್ಕೆ ಸರಿಸಬಹುದು, ಮೆನುವಿನಲ್ಲಿ ಅದಕ್ಕೂ ಬಟನ್ ಇದೆ.
ಸರಿಸಿದೆ; ಮದುವೆ ಹೋಗಿ ನೀರಿನ ಪೈಪಿನ ಮೇಲೆ ಬಿತ್ತು.
ವಾಪಸ್ ತಂದೆ.

ಈಗ ನಲವತ್ಮೂರು ಮದುವೆಗೂ ಒಂದು ಕಿಟಕಿ.
ಗಟ್ಟಿಮೇಳದ ಹೊತ್ತಿಗೆ ಕದ ಕಿರ್ರೆನ್ನುತ್ತದೆ,
ವರನ ಎದೆ ತೆರೆದು ಜೈತುನಬಿ ಹೊರಗೆ ಬಗ್ಗುತ್ತಾಳೆ.
ಅಲ್ಲಿಂದ ಚಿತ್ರ ಕಾಣುವುದಿಲ್ಲ ಅವಳಿಗೆ;
ಕಾಣುವುದು ಪ್ರೊಜೆಕ್ಟರಿನ ಕಣ್ಣು, ಮತ್ತು ನಾನು.
ಬೀಗರು ಹಿಡಿಯುತ್ತಿದ್ದ ಹಾಗೆಯೇ ಕೈ ಅಡ್ಡ ಹಿಡಿದು ಕೇಳುತ್ತಾಳೆ:
"ಇವತ್ತ ಯಾವೂರ್ರಿ?"
"ಭಾಲ್ಕಿ."
"ಬಾಕಿ?"
"ಐವತ್ತು."
"ಅಯ್ಯ, ಬಿಡ್ರಿ ಅವನ್ಗ."

ಆಮೇಲೆ ಕಪ್ಪು ಬಸಿ ಮುಂದೆ ಚಾಚುತ್ತಾಳೆ, ಚಾ ತುಳುಕದಂತೆ.
ಮೊಳಕೈಯಿಂದ ಬೆರಳ ತುದಿತನಕ
ಯಾರದೋ ಬೀಗರು
ಸಾಲಾಗಿ ಊಟಕ್ಕೆ ಕೂತಿರುತ್ತಾರೆ.