ಹಿಕ್ಕೆ ಆಯುವ ಹುಡುಗ

ಬಿಲ್ಮಾದಿಂದ ಉಪ್ಪು ಹೇರಿಕೊಂಡು ಮರಳುವ ನಾಲ್ಕನೆಯ ದಿನ.
ನನಗಾಗ ಹನ್ನೊಂದು. ಕೆಲಸ ಒಂದೇ:
ಮೂವತ್ತು ಒಂಟೆಗಳ ಹಿಂದೆ ನಡೆದು ಹಿಕ್ಕೆ ಆಯುವುದು.

ಬಿದ್ದ ಗಳಿಗೆಗೇ ಒಣಗಿರುತ್ತಿತ್ತು ಅದು,
ಖರ್ಜೂರದ ಬೀಜದಷ್ಟು ಗಟ್ಟಿ.
ಮುಷ್ಟಿಯಲ್ಲಿ ಹಿಡಿದರೆ ಬಿಸಿ ಇತ್ತು, ಪಸೆ ಇರಲಿಲ್ಲ.
ಬೆಳಿಗ್ಗೆ ಆಯ್ದದ್ದು ಸಂಜೆಗೆ ಚಹದ ಬೆಂಕಿ.
ವಾಸನೆಯೇ ಇಲ್ಲ ಅಂದರೆ ಸುಳ್ಳಾದೀತು:
ಹಳೇ ಹುಲ್ಲಿನದು, ಅಷ್ಟೇ.

"ನೋಡು," ಅಂದ ಸೋದರಮಾವ ಘುಮೂರ್,
ಮುಂದಿನ ಹೆಣ್ಣೊಂಟೆಯ ಹಿಂಗಾಲಿಗೆ ಬೆರಳು ಮಾಡಿ.
ಉಚ್ಚೆ ಇಳಿದಿತ್ತು. ಇಳಿದಿತ್ತು ಎನ್ನಲೂ ಸಂಕೋಚ:
ಕಾಕಂಬಿಯ ಹಾಗೆ ಒಂದೆಳೆ,
ನೆಲ ಮುಟ್ಟುವ ಮೊದಲೇ ತೀರಿತು.

"ಬಿಲ್ಮಾದಲ್ಲಿ ಉಪ್ಪಿನ ಗುಂಡಿ ನೋಡಿದೆಯಲ್ಲ?
ಅಲ್ಲಿ ನೀರನ್ನು ಬಿಸಿಲಿಗೆ ಕೊಟ್ಟು ಉಪ್ಪು ಇಟ್ಟುಕೊಳ್ಳುತ್ತಾರೆ.
ಇವಳ ಸೊಂಟದೊಳಗೂ ಅಂಥದೇ ಗುಂಡಿ,
ಲೆಕ್ಕ ಮಾತ್ರ ತಿರುಗುಮುರುಗು.
ನೀರು ಇಟ್ಟುಕೊಂಡು ಉಪ್ಪು ಹೊರಗೆ ಕೊಡುತ್ತಾಳೆ.
ಬೆನ್ನ ಮೇಲೊಂದು ಉಪ್ಪು, ಒಳಗೊಂದು ಉಪ್ಪು."

ಮೇವು ತೆಳುವಾದರೆ ಆ ಹೊಲಸನ್ನೂ ಪೂರ್ತಿ ಬಿಡಳಂತೆ,
ಮರಳಿ ಹೊಟ್ಟೆಗೇ ಕಳಿಸಿ ಮಾಂಸ ಮಾಡಿಕೊಳ್ಳುವಳಂತೆ.
(ಇದನ್ನು ಹೇಳಿದ್ದು ಮಾವನಲ್ಲ,
ಎಷ್ಟೋ ವರ್ಷದ ಮೇಲೆ ಅಗದೆಸ್‌ನ ಪಶುವೈದ್ಯೆ.
ನನಗೆ ಆಶ್ಚರ್ಯವಾಗಲಿಲ್ಲ.)

ಅವತ್ತೇ ನಾನೂ ಒಂಟೆಯಾಗಲು ಹೊರಟೆ.
ಮರುದಿನ ತೊಗಲಚೀಲ ಬಂದಾಗಲೆಲ್ಲ
ತುಟಿ ಒದ್ದೆ ಮಾಡಿ ಮುಂದೆ ದಾಟಿಸಿದೆ.
ಯಾರೂ ನೋಡಲಿಲ್ಲ ಅಂದುಕೊಂಡೆ.
ಸಂಜೆ ದಿಬ್ಬದ ಮರೆಗೆ ಕೂತರೆ ಬಂದದ್ದು ಮೂರು ಹನಿ,
ಮೊದಲ ಸುತ್ತಿನ ಚಹದ ಬಣ್ಣ, ಉರಿ ಬೇರೆ.
ಹೆಮ್ಮೆಯಿಂದ ಏಳಹೋದೆ.
ಮರಳೇ ಎದ್ದು ನನ್ನ ಕಡೆ ಬಂತು.

ಕಣ್ಣು ಬಿಟ್ಟಾಗ ಮಾವ ತನ್ನ ಪಾಲಿನ ನೀರನ್ನು
ಗುಟುಕು ಗುಟುಕಾಗಿ ನನ್ನ ಬಾಯಿಗೆ ಬಿಡುತ್ತಿದ್ದ, ಬೈಯುತ್ತ:
"ಒಂಟೆಯಂತೆ ಒಂಟೆ! ಕತ್ತೆ ನೀನು.
ಹಲ್ಲಿಯೇನೋ, ಚಿಟಿಕೆ ಸುಣ್ಣ ಹಾಕಿ ಮುಗಿಸಲಿಕ್ಕೆ?
ಇಲಿಯೇನೋ, ಒಣ ಬೀಜ ಕಡಿದು ಬದುಕಲಿಕ್ಕೆ?
ನಮ್ಮದು ತೂತು ಕೊಡ. ಕೊಟ್ಟವನೇ ಹಾಗೆ ಕೊಟ್ಟ.
ಅದಕ್ಕೇ ಈ ತೊಗಲಚೀಲ, ಅದಕ್ಕೇ ಹಗ್ಗ,
ಅದಕ್ಕೇ ಯಾರೋ ಬಾವಿ ತೋಡಿಟ್ಟು ಸತ್ತದ್ದು,
ಅದಕ್ಕೇ ಪಕ್ಕದಲ್ಲೊಬ್ಬ ಮಾವ. ಕುಡಿ."

ನಾನು ಆಯ್ದ ಹಿಕ್ಕೆಯಲ್ಲೇ ಚಹ ಕಾಯಿತು.
ಮೂರು ಸುತ್ತೂ ನನಗೇ ಮೊದಲು.

ನಡುರಾತ್ರಿ ಎದ್ದು ದೂರ ಹೋಗಿ ಉಚ್ಚೆ ಹೊಯ್ದೆ,
ತಿಳಿಯಾಗಿ, ಧಾರಾಳವಾಗಿ, ಬಹಳ ಹೊತ್ತು.
ಮಲಗಿದ್ದ ಆ ಹೆಣ್ಣೊಂಟೆ ಕತ್ತು ಎತ್ತಿ ನೋಡಿದಳು,
ದುಂದುಗಾರ ಮೊಮ್ಮಗನನ್ನು ನೋಡುವ ಹಾಗೆ.