ಇತರೆ

ಶಾಹಿಸ್ತಾ, ನಿನ್ನ ಮೂರನೇ ಅಧ್ಯಾಯ
ಕೆಂಪು ಶಾಯಿಯಲ್ಲಿ ಮಿಂದು ಮೇಜಿನ ಮೇಲೆ ಒಣಗುತ್ತಿದೆ.
'ಮಾದರಿ ಸಾಲದು' ಎಂದು ಬರೆದಿದ್ದೇನೆ, ಎರಡು ಸಲ.
'ನಿದ್ದೆ ಎಂದರೇನು, ವ್ಯಾಖ್ಯಾನ ಎಲ್ಲಿ?' ಎಂದೂ.
ಬರೆದಾಗ ರಾತ್ರಿ ಒಂದೂವರೆ.
ಆ ಪುಟದ ಕೊನೆಯ ಅಕ್ಷರ
ಗೆರೆಯಾಗಿ ಇಳಿದು ಅಂಚಿನಾಚೆ ಹೋಗಿದೆ, ನೋಡು.
ಅದು ಟಿಪ್ಪಣಿ ಅಲ್ಲ.

ಹೋದ ಗುರುವಾರ ನಿನ್ನ ಜೊತೆ ನಾನೂ ಬಂದೆ,
ಹಾಸನದ ಹೊರಗೆ, ಟ್ಯಾಂಕರುಗಳು ಸಾಲಾಗಿ ನಿಲ್ಲುವ ಹೋಟೆಲಿಗೆ.
ಶಿರಾಡಿ ಹತ್ತಿ ಬಂದವರು, ಶಿರಾಡಿ ಇಳಿಯಬೇಕಾದವರು,
ನಡುವೆ ಒಂದು ಲೋಟ ಚಹಾದಷ್ಟು ಹೊತ್ತು.
ನೀನು ಮರದ ಅಡಿಪಟ್ಟಿ ಎತ್ತಿ ಹಿಡಿದು ಬಿಡುತ್ತಿದ್ದೆ,
ಅವರು ಎರಡು ಬೆರಳಲ್ಲಿ ಹಿಡಿಯಬೇಕು.
ಹದಿನೆಂಟು ಸೆಂಟಿಮೀಟರು. ಇಪ್ಪತ್ತೆರಡು.
ಒಬ್ಬಾತನ ಬೆರಳ ಸಂದಿಯಿಂದ ಪಟ್ಟಿ ಪೂರ್ತಿ ಜಾರಿ
ಲೋಟಕ್ಕೆ ಬಡಿದು ಚಹಾ ಚೆಲ್ಲಿತು. ಎಲ್ಲರೂ ನಕ್ಕರು, ಅವನೂ.
ನೀನು ಮಾತ್ರ ನಗದೆ
'ಮೂವತ್ತಕ್ಕಿಂತ ಹೆಚ್ಚು' ಎಂದು ಬರೆದುಕೊಂಡೆ.

ಆಮೇಲೆ ಪ್ರಶ್ನಾವಳಿ:
ಮಧ್ಯಾಹ್ನ ಉಂಡು ಸುಮ್ಮನೆ ಕೂತಾಗ ನಿದ್ದೆ ಬರುವುದೇ?
ಸೊನ್ನೆ, ಒಂದು, ಎರಡು, ಮೂರು.
'ಸುಮ್ನೆ ಕೂತಿದ್ದು ಯಾವತ್ತು ಕಣವ್ವಾ?'
ಅಂದ ಅರಕಲಗೂಡಿನ ಸಣ್ಣಸ್ವಾಮಿ.
ಆಮೇಲೆ ಕನಿಕರ ಬಂದು, ಬೆರಳು ಮಡಿಸುತ್ತಾ ಹೇಳಿದ:
'ನಿದ್ದೆ ಅಂದ್ರೆ ಮನೇಲಿ, ಚಾಪೆ ಮೇಲೆ. ಅದು ವಾರಕ್ಕೊಂದ್ಸಲ.
ಕೋಳಿನಿದ್ದೆ ಟೋಲಿನ ಸಾಲಲ್ಲಿ.
ತೂಕಡಿಕೆ ಕತ್ತಿಗೆ ಬರೋದು, ಹಸಿಮೆಣಸಿನಕಾಯಿ ಕಚ್ಚಿದ್ರೆ ಆಯ್ತು.
ಜೊಂಪು ಕಣ್ಣಿಗೆ, ಅದಕ್ಕೆ ತಣ್ಣೀರೈತೆ.
ಇನ್ನೊಂದೈತೆ. ಅದಕ್ಕೆ ಹೆಸರಿಲ್ಲ.
ಕಣ್ಣು ಬಿಟ್ಟೇ ಇರ್ತದೆ, ಕೈ ಸ್ಟೇರಿಂಗ್ ಮೇಲೇ ಇರ್ತದೆ,
ಮಾರನಹಳ್ಳಿ ಬಂದಿರ್ತದೆ,
ದೋಣಿಗಾಲ್ ಯಾವಾಗ ಹೋಯ್ತೋ ಗೊತ್ತಿರಲ್ಲ.
ಅದನ್ನ ಯಾವ ಖಾನೆಗೆ ಹಾಕ್ತೀರ?'

ನೀನು ನನ್ನ ಮುಖ ನೋಡಿದೆ.
ಮಾರ್ಗದರ್ಶಕಿ ನಾನು, ಮುಖಪುಟದಲ್ಲಿ ಹಾಗೇ ಅಚ್ಚಾಗುತ್ತದೆ.
'ಇತರೆ' ಅಂದೆ.

ಹಾಸ್ಟೆಲ್ಲಿನ ವಾಚ್‌ಮನ್‌ನನ್ನು ಎಬ್ಬಿಸಿ, ನಿನ್ನನ್ನು ಒಳಗೆ ಬಿಟ್ಟು
ಸ್ಕೂಟರಿನಲ್ಲಿ ಮನೆಗೆ ಬಂದೆ.
ಗೇಟಿನ ಚಿಲಕ ಕೈಗೆ ಚಳಿ ತಾಗಿಸಿದಾಗ ಹೊಳೆಯಿತು:
ತಣ್ಣೀರುಹಳ್ಳದ ತಿರುವು ನನಗೆ ನೆನಪಿಲ್ಲ.
ಹಂಪ್ಸ್ ಹಾರಿದ್ದಿಲ್ಲ, ನಾಯಿ ಬೊಗಳಿದ್ದಿಲ್ಲ,
ಬೇಕರಿಯ ಮುಂದಿನ ದೀಪ ಹಿಂದೆ ಸರಿದದ್ದೂ ಇಲ್ಲ.
ಅಷ್ಟು ದೂರ ನನ್ನ ಬದಲು
ಯಾರು ಓಡಿಸಿದರು?

ನಿನ್ನ ಅರ್ಜಿಯ ಕೊನೆಯ ಪುಟದಲ್ಲಿ
'ಅಧ್ಯಯನದಿಂದ ಯಾರಿಗೂ ಅಪಾಯವಿಲ್ಲ' ಎಂಬ ಸಾಲಿನ ಕೆಳಗೆ
ಸಹಿ ಹಾಕಿದವಳು ನಾನೇ.

'ಇತರೆ' ಹೊಡೆದುಹಾಕು, ಶಾಹಿಸ್ತಾ.
ಸಣ್ಣಸ್ವಾಮಿ ಹೇಳಿದ್ದನ್ನು ಅವನ ಮಾತಲ್ಲೇ ಬರೆ.
ಪರೀಕ್ಷಕರು ಕೇಳಿದರೆ, ಗೈಡು ಹೇಳಿದರು ಅನ್ನು.
ಮಾದರಿಗೆ ಇನ್ನೊಬ್ಬರನ್ನು ಸೇರಿಸಬಹುದೇ?
ಹೆಣ್ಣು, ನಲವತ್ತೊಂಬತ್ತು, ದ್ವಿಚಕ್ರ ವಾಹನ.
ಸೇರದು ಅನ್ನುತ್ತೀಯ. ಸರಿಯೇ, ನಾನೇ ಕಲಿಸಿದ್ದು.

ಮುಂದಿನ ಗುರುವಾರ ಆಟೋದಲ್ಲಿ ಹೋಗೋಣ.
ಆತ ಎಷ್ಟು ಹೊತ್ತಿಗೆ ಮಲಗಿ ಎದ್ದವನೋ,
ಹತ್ತುವ ಮೊದಲು ಒಂದು ಸಲ ನೋಡಿಬಿಡೋಣ.
ಅಡಿಪಟ್ಟಿ ಮರೆಯಬೇಡ.